ಕಾರ್ಬನ್ ಸವೆದ ಸುಗ್ಗಿ

ಮೊನ್ನೆ ಭಾನುವಾರ ಬೆಳಗ್ಗೆ, ದೋಸೆಗೆಂದು ಇಟ್ಟ ಚಟ್ನಿಯು ಇನ್ನೂ ಅರೆಬರೆ ಅರೆದಿರುವಾಗಲೇ ನಮ್ಮ ಮನೆಯ ಮಿಕ್ಸಿಯು ಒಂದು ಬಗೆಯ ಸುಟ್ಟ ವಾಸನೆಯನ್ನು ಬಿಟ್ಟು ನಿಂತುಹೋಯಿತು. ಸೊಸೆಯು ಬೀದಿಯ ಕೊನೆಯಲ್ಲಿರುವ ರಿಪೇರಿ ಅಂಗಡಿಯ ಹುಡುಗನನ್ನು ಕರೆಸಿದಳು. ಆತನು ಅಡಿಯ ಮುಚ್ಚಳವನ್ನು ಬಿಚ್ಚಿ, ಎರಡು ಪಕ್ಕಗಳಿಂದ ಎರಡು ಕರಿಯ ತುಂಡುಗಳನ್ನು ಹೊರಕ್ಕೆಳೆದು, "ಕಾರ್ಬನ್ ಹೋಗಿದೆ ಅಮ್ಮಾ, ಬೇರೆ ಏನೂ ಇಲ್ಲ" ಎಂದನು. ಆ ತುಂಡುಗಳು ಕಡಲೆಬೇಳೆಗಿಂತ ಎಷ್ಟೂ ದೊಡ್ಡವಾಗಿರಲಿಲ್ಲ. "ಇಷ್ಟು ಚಿಕ್ಕದು ಸವೆದರೆ ಇಷ್ಟು ದೊಡ್ಡ ಮಿಕ್ಸಿ ನಿಂತುಹೋಗುತ್ತದೆಯೆ, ಮಾವ?" ಎಂದು ಸೊಸೆಯು ಕೇಳಿದಳು.

ನಾವು ಒಂದು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಇಂತಹವೇ ಆರು ತುಂಡುಗಳು 1987ನೆಯ ಇಸವಿಯ ಸುಗ್ಗಿಯಲ್ಲಿ ನಮ್ಮ ಮನೆತನದ ಅಕ್ಕಿಯ ಗಿರಣಿಯನ್ನು ನಿಲ್ಲಿಸಿದ್ದವು. ಗಿರಣಿಯ ಜೊತೆಗೆ ಮತ್ತೊಂದನ್ನೂ ನಿಲ್ಲಿಸಿದವು. ಅದನ್ನು ಆಮೇಲೆ ಹೇಳುತ್ತೇವೆ.

ಸೊಸೆಯ ಪ್ರಶ್ನೆಗೆ ಮೊದಲು ಉತ್ತರವನ್ನು ಕೊಡಬೇಕು. ನಿಂತಿರುವ ವಸ್ತುವಿಗೆ ವಿದ್ಯುಚ್ಛಕ್ತಿಯನ್ನು ಒಯ್ಯುವುದು ಸುಲಭ. ಒಂದು ತಂತಿಯನ್ನು ಬಿಗಿದರೆ ತೀರಿತು. ತಿರುಗುವ ವಸ್ತುವಿಗೆ ತಂತಿಯನ್ನು ಬಿಗಿದರೆ ಅದು ನಾಲ್ಕು ಸುತ್ತಿಗೇ ಹಗ್ಗದಂತೆ ಹುರಿಗೊಂಡು ಹರಿದುಹೋಗುತ್ತದೆ. ಆದುದರಿಂದ ಕಟ್ಟದೆ ಮುಟ್ಟಿಸುವ ಉಪಾಯವೊಂದು ಬೇಕು. ತಿರುಗುವ ಕಂಬಿಗೆ ತಾಮ್ರದ ಅಥವಾ ಕಂಚಿನ ಬಳೆಯನ್ನು ತೊಡಿಸಿ, ನಿಂತಿರುವ ಕಡೆಯಿಂದ ಒಂದು ತುಂಡನ್ನು ಸ್ಪ್ರಿಂಗಿನ ಬಲದಿಂದ ಆ ಬಳೆಗೆ ಒತ್ತಿ ಹಿಡಿಯುತ್ತಾರೆ. ಬಳೆಯು ತಿರುಗುತ್ತಿರುತ್ತದೆ, ತುಂಡು ಉಜ್ಜುತ್ತಿರುತ್ತದೆ, ಶಕ್ತಿಯು ಹರಿಯುತ್ತಿರುತ್ತದೆ. ಮಿಕ್ಸಿಯಲ್ಲಿ ಈ ಬಳೆಯನ್ನು ತಾಮ್ರದ ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿರುತ್ತಾರೆ. ಗಿರಣಿಯ ಮೋಟಾರಿನಲ್ಲಿ ಮೂರು ಇಡಿಯ ಬಳೆಗಳು ಸಾಲಾಗಿ ಇರುತ್ತವೆ. ಆ ಬಳೆಗಳಿಗೆ ಸ್ಲಿಪ್ ರಿಂಗು ಎಂದು ಹೆಸರು. ತುಂಡಿಗೆ ಪುಸ್ತಕದ ಹೆಸರು ಬ್ರಷ್ ಎಂದಾದರೂ ಅಂಗಡಿಯಲ್ಲಿಯೂ ಗಿರಣಿಯಲ್ಲಿಯೂ ಕಾರ್ಬನ್ ಎಂದರೇ ಎಲ್ಲರಿಗೂ ತಿಳಿಯುವುದು.

ಈ ಕಲ್ಲಿನಂತಹ ತುಂಡಿಗೆ ಬ್ರಷ್ ಎಂಬ ಹೆಸರು ಬಂದುದು ಹೇಗೆಂದು ಚಿಕ್ಕಂದಿನಲ್ಲಿ ನಮಗೆ ಸೋಜಿಗವಾಗುತ್ತಿತ್ತು. ಮೊದಲ ಕಾಲದಲ್ಲಿ ಅದು ನಿಜವಾಗಿಯೂ ಕುಂಚವೇ ಆಗಿತ್ತು. ತಾಮ್ರದ ಎಳೆಗಳನ್ನು ಕಂತೆಗಟ್ಟಿ ಬಳೆಗೆ ತಾಗಿಸುತ್ತಿದ್ದರು. ಲೋಹದ ಮೇಲೆ ಲೋಹವು ಉಜ್ಜಿ ಎರಡೂ ಬೇಗ ಹಾಳಾಗುತ್ತಿದ್ದವು, ಕಿಡಿಯೂ ಬಹಳ. 1885ರಲ್ಲಿ ಜಾರ್ಜ್ ಫೋರ್ಬ್ಸ್ ಎಂಬ ಬ್ರಿಟಿಷ್ ಎಂಜಿನಿಯರು ತಾಮ್ರದ ಬದಲು ಇಂಗಾಲವನ್ನು ಹಾಕಬಹುದೆಂದು ಹಕ್ಕುಪತ್ರವನ್ನು ಪಡೆದರು. 1888ರ ಸುಮಾರಿಗೆ ಅಮೆರಿಕದಲ್ಲಿ ಚಾರ್ಲ್ಸ್ ವಾನ್ ಡೆಪೋಲ್ ಎಂಬವರು ಬೀದಿಯ ಟ್ರಾಮುಗಳ ಮೋಟಾರಿನಲ್ಲಿ ಅದನ್ನು ಬಳಕೆಗೆ ತಂದರು. ಕುಂಚವು ಹೋಯಿತು, ಹೆಸರು ಮಾತ್ರ ಉಳಿಯಿತು. ಇಂಗಾಲಕ್ಕೆ ಇರುವ ಗುಣವೆಂದರೆ, ಅದು ತಾನು ಸವೆದು ಬಳೆಯನ್ನು ಉಳಿಸುತ್ತದೆ. ಎಣ್ಣೆಯ ಹಂಗಿಲ್ಲದೆ ಜಾರುತ್ತದೆ.

ನಮ್ಮ ಗಿರಣಿಯು ಮಂಡ್ಯದ ಸೀಮೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿತ್ತು. ಅಲ್ಲಿಂದ ಬಹು ದೂರವಲ್ಲದ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳವರೆಗೆ ಹರಿದಿತ್ತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ನಮ್ಮ ಊರಿಗೆ ಬರಲು ಮತ್ತೆ ಎಷ್ಟೋ ವರ್ಷ ಹಿಡಿಯಿತು. ನಮ್ಮ ತಂದೆಯವರು 1961ರಲ್ಲಿ ಯಾರೋ ಬಳಸಿದ್ದ ಐವತ್ತು ಕುದುರೆಗಳ ಬಲದ ಮೋಟಾರೊಂದನ್ನು ಕೊಂಡು ತಂದರು. ಅದರೊಡನೆ ಒಬ್ಬ ಮೇಸ್ತ್ರಿಯೂ ಬಂದರು. ಆಗ ಅವರಿಗೆ ಇನ್ನೂ ಮೀಸೆಯು ಪೂರ್ತಿ ಬಂದಿರಲಿಲ್ಲವೆಂದು ತಾಯಿಯವರು ಹೇಳುತ್ತಿದ್ದರು. ಅಣ್ಣನವರನ್ನೂ ನಮ್ಮನ್ನೂ ಹೆಗಲ ಮೇಲೆ ಹೊತ್ತು, ಓಡುತ್ತಿರುವ ಪಟ್ಟಿಯನ್ನು ದೂರದಿಂದ ತೋರಿಸುತ್ತಿದ್ದವರು ಅವರು. ನಾವು ಅವರನ್ನು ಮೇಸ್ತ್ರಣ್ಣ ಎನ್ನುತ್ತಿದ್ದೆವು. ಅವರು ನಮ್ಮಿಬ್ಬರನ್ನೂ 'ಮಗ' ಎನ್ನುತ್ತಿದ್ದರು. ತಂದೆಯವರು ತೀರಿಕೊಂಡು ಅಣ್ಣನವರು ಯಜಮಾನರಾದ ಮೇಲೂ ಆ ಮಾತು ಬದಲಾಗಿರಲಿಲ್ಲ.

ಆ ಮೋಟಾರು ನಿಮಿಷಕ್ಕೆ ಸುಮಾರು 960 ಸುತ್ತು ತಿರುಗುತ್ತಿತ್ತು. ಬಳೆಯ ಅಡ್ಡಳತೆ ಇಪ್ಪತ್ತು ಸೆಂಟಿಮೀಟರು. ಒಮ್ಮೆ ಶಾಲೆಯ ರಜೆಯಲ್ಲಿ ಮೇಸ್ತ್ರಣ್ಣನ ಮುಂದೆ ಕುಳಿತು ನಾವು ಲೆಕ್ಕ ಹಾಕಿದ್ದುಂಟು: ಹತ್ತು ಗಂಟೆಯ ಕೆಲಸದಲ್ಲಿ ಒಂದೊಂದು ಕಾರ್ಬನ್ನಿನ ಕೆಳಗೆ 360 ಕಿಲೋಮೀಟರಿನಷ್ಟು ಬಳೆ ಹಾದುಹೋಗುತ್ತದೆ, ಮಂಡ್ಯದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ ಎರಡು ಸಲ ಹೋಗಿಬಂದಂತೆ. ಇಷ್ಟು ನಡೆದರೂ ಒಂದು ಜೊತೆ ಕಾರ್ಬನ್ನು ಎರಡು ಮೂರು ಸುಗ್ಗಿಗಳಿಗೆ ಬರುತ್ತಿತ್ತು. ಮೇಸ್ತ್ರಣ್ಣ ಆ ಲೆಕ್ಕವನ್ನು ಕೇಳಿ, "ಹಂಗಾದ್ರೆ ನನ್ನ ಕಾಲಿಗಿಂತ ಅದೇ ಗಟ್ಟಿ, ಮಗ" ಎಂದು ನಕ್ಕಿದ್ದರು.

1987ರ ಡಿಸೆಂಬರಿನಲ್ಲಿ ಭತ್ತವು ಚೆನ್ನಾಗಿ ಬಂದಿತ್ತು. ಗಿರಣಿಯ ಅಂಗಳದಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಹೊಸ ಹಲ್ಲರಿಗೆಂದು ಆ ವರ್ಷವೇ ಬ್ಯಾಂಕಿನಲ್ಲಿ ಸಾಲ ಮಾಡಿದ್ದೆವು. ಸಂಕ್ರಾಂತಿಯೊಳಗೆ ಮೊದಲ ಕಂತನ್ನು ಕಟ್ಟಬೇಕಾಗಿತ್ತು. ಹೀಗಿರಲು ಒಂದು ಬೆಳಗ್ಗೆ ಮೋಟಾರು ನರಳಿತು. ಬಳೆಗಳ ಮೇಲೆ ನೀಲಿಯ ಬೆಂಕಿಯು ಸುತ್ತು ಹಾಕಿತು. ಮೇಸ್ತ್ರಣ್ಣ ಮೈನನ್ನು ಕೆಡಹಿ ಬಿಚ್ಚಿ ನೋಡಲಾಗಿ ಆರೂ ಕಾರ್ಬನ್ನುಗಳು ಗೂಡಿನ ಅಂಚಿನವರೆಗೆ ಸವೆದಿದ್ದವು. ಹೊಸವನ್ನು ಹಾಕಿದರು. ಹನ್ನೆರಡನೆಯ ದಿನಕ್ಕೆ ಅವೂ ಹೋದವು. ಮತ್ತೆ ಹಾಕಿದರು, ಮತ್ತೆ ಹತ್ತು ದಿನ. ಒಂದೊಂದು ಸಲವೂ ಅರ್ಧ ದಿನ ಗಿರಣಿಯು ನಿಲ್ಲುವುದು, ಗಾಡಿಗಳು ತಿರುಗಿಕೊಂಡು ಪಕ್ಕದ ಊರಿನ ಗಿರಣಿಗೆ ಹೋಗುವುದು.

ಅಣ್ಣನವರ ಮನಸ್ಸಿನಲ್ಲಿ ಸಂದೇಹವು ಹೊಕ್ಕಿತು. ಕಾರ್ಬನ್ನುಗಳನ್ನು ತರುತ್ತಿದ್ದವರು ಮೇಸ್ತ್ರಣ್ಣ. ಅಗ್ಗದ ಮಾಲನ್ನು ತಂದು ಹೆಚ್ಚಿನ ಬೆಲೆಯ ಚೀಟಿ ತೋರಿಸುತ್ತಿರಬಹುದೆಂದು ಯಾರೋ ಕಿವಿಯಲ್ಲಿ ಊದಿದರು. ಅಣ್ಣನವರು ತಾವೇ ಬೆಂಗಳೂರಿಗೆ ಹೋಗಿ ಬೆಲೆಯುಳ್ಳ ಕಾರ್ಬನ್ನುಗಳನ್ನೂ, ಜೊತೆಗೆ ಪಟ್ಟಣದ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನೂ ಕರೆತಂದರು. ಆತನು ಬಳೆಗಳನ್ನು ನೋಡಿದವನೇ, "ಇದೇನು ಸ್ವಾಮಿ, ಇಷ್ಟು ಕೊಳೆ!" ಎಂದು ಎಮೆರಿ ಕಾಗದವನ್ನು ತೆಗೆದನು. ಮೇಸ್ತ್ರಣ್ಣ ಅಡ್ಡ ಬಂದು, "ಎಮೆರಿ ಹಾಕಬೇಡಿ, ಆ ಬಣ್ಣ ತೆಗೀಬೇಡಿ" ಎಂದರು. ಅಣ್ಣನವರಿಗೆ ಸಿಟ್ಟು ಬಂದಿತು. ಆಡಬಾರದ ಮಾತೊಂದನ್ನು, ಕೂಲಿಯಾಳುಗಳೂ ಭತ್ತದ ರೈತರೂ ಕೇಳುವಂತೆ ಆಡಿಬಿಟ್ಟರು. ಅದನ್ನು ಇಲ್ಲಿ ಬರೆಯಲಾರೆವು. ಕಳ್ಳತನವೆಂಬ ಅರ್ಥ ಅದರಲ್ಲಿತ್ತು. ನಾವು ಅಲ್ಲಿಯೇ ನಿಂತಿದ್ದೆವು. ಬಾಯಿ ಬಿಡಲಿಲ್ಲ. ಮೇಸ್ತ್ರಣ್ಣ ಮೋಟಾರಿನ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ತಮ್ಮ ಊಟದ ಡಬ್ಬಿಯನ್ನು ತೆಗೆದುಕೊಂಡು ಹೊರಟುಹೋದರು. ಅದು ಅವರ ಇಪ್ಪತ್ತಾರನೆಯ ವರ್ಷದ ಸೇವೆ.

ಎಲೆಕ್ಟ್ರಿಷಿಯನ್ ಹುಡುಗನು ಬಳೆಗಳನ್ನು ಹಬ್ಬದ ಹಿತ್ತಾಳೆಯಂತೆ ಬೆಳಗಿದನು. ಸ್ಪ್ರಿಂಗುಗಳು ಸಡಿಲವೆಂದು ಇನ್ನೂ ಬಿಗಿ ಮಾಡಿದನು. ಬೆಲೆಯುಳ್ಳ ಹೊಸ ಕಾರ್ಬನ್ನುಗಳನ್ನು ತೊಡಿಸಿದನು. ಅವು ನಾಲ್ಕೇ ದಿನ ಬಂದವು.

ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬರಬೇಕು. ಅಡುಗೆಮನೆಯಲ್ಲಿ ಹಿತ್ತಾಳೆಯ ಚೆಂಬೂ ಉಂಟು, ದೋಸೆಯ ಕಾವಲಿಯೂ ಉಂಟು. ಚೆಂಬನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿದಷ್ಟೂ ಚೆನ್ನ. ಹದಗೊಂಡ ಕಬ್ಬಿಣದ ಕಾವಲಿಯನ್ನು ಹಾಗೆ ತಿಕ್ಕಿದ ಸೊಸೆಯನ್ನು ಯಾವ ಅತ್ತೆಯೂ ಕ್ಷಮಿಸಳು; ಮರುದಿನ ದೋಸೆಯು ಏಳುವುದಿಲ್ಲ. ಬಳೆಯು ಕಾವಲಿಯ ಜಾತಿಗೆ ಸೇರಿದ್ದು. ಚೆನ್ನಾಗಿ ಓಡುವ ಬಳೆಯ ಮೈಮೇಲೆ ತಾಮ್ರದ ಕಿಲುಬು, ಇಂಗಾಲದ ಅತಿ ನುಣ್ಣನೆಯ ಪುಡಿ, ಗಾಳಿಯ ತೇವ, ಈ ಮೂರೂ ಸೇರಿ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಹುರಿದ ಕಾಫಿಬೀಜದ ಬಣ್ಣ ಅದಕ್ಕೆ. ಕಾರ್ಬನ್ನು ಜಾರುವುದು ಆ ಪೊರೆಯ ಮೇಲೆ; ಬರಿಯ ಲೋಹದ ಮೇಲಲ್ಲ. ಪೊರೆಯನ್ನು ತೆಗೆದರೆ ಸವೆತವು ಮೊದಲಿಂದ ಪ್ರಾರಂಭ. ಎಮೆರಿಯಲ್ಲಿ ಮತ್ತೊಂದು ಕೇಡುಂಟು: ಅದರ ಗಟ್ಟಿ ಹರಳುಗಳು ಕಾರ್ಬನ್ನಿನ ಮೈಯಲ್ಲಿ ನೆಟ್ಟುಕೊಂಡು ಆಮೇಲೂ ಬಳೆಯನ್ನು ಕೆರೆಯುತ್ತಲೇ ಇರುತ್ತವೆ.

ಗಾಳಿಯ ತೇವದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿ ಮುಂದಕ್ಕೆ ಹೋಗುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಬಹಳ ಎತ್ತರಕ್ಕೆ ಹಾರುತ್ತಿದ್ದ ವಿಮಾನಗಳ ಡೈನಮೋಗಳಲ್ಲಿ ಕಾರ್ಬನ್ನುಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿಹೋಗುತ್ತಿದ್ದವು. ಇಂಗಾಲದ ಜಾರುಗುಣವು ಅದರ ಸ್ವಂತ ಸೊತ್ತಲ್ಲ, ಗಾಳಿಯಲ್ಲಿನ ನೀರಾವಿಯಿಂದ ಬಂದ ಎರವು ಎಂಬುದು ಆಗ ಜನಕ್ಕೆ ಅರಿವಾಯಿತು. ಅಮೆರಿಕದ ಸ್ಯಾವೇಜ್ ಎಂಬ ವಿಜ್ಞಾನಿಯು 1948ರಲ್ಲಿ ಈ ವಿಷಯವನ್ನು ಪ್ರಯೋಗಗಳಿಂದ ವಿವರಿಸಿ ಪ್ರಕಟಿಸಿದರು. ಕಾಲುವೆಯ ನೀರಿನ ನಡುವೆ ಇದ್ದ ನಮ್ಮ ಗಿರಣಿಗೆ ಆ ಕೊರತೆಯಿರಲಿಲ್ಲ.

ಸ್ಪ್ರಿಂಗಿನ ಬಿಗಿಯೂ ಹದವಾದುದೇ ಆಗಿರಬೇಕು. ಒತ್ತು ಕಡಿಮೆಯಾದರೆ ಕಾರ್ಬನ್ನು ಕುಣಿಯುತ್ತದೆ, ಕುಣಿದಾಗಲೆಲ್ಲ ಕಿಡಿ ಹಾರಿ ಸುಡುತ್ತದೆ. ಹೆಚ್ಚಾದರೆ ಉಜ್ಜಿ ಕಾಯುತ್ತದೆ. ಚದರ ಸೆಂಟಿಮೀಟರಿಗೆ 180ರಿಂದ 250 ಗ್ರಾಮಿನ ಒತ್ತು ಸಾಮಾನ್ಯವಾಗಿ ಸಾಕು. ಇದನ್ನೆಲ್ಲ ನಾವು ತಿಳಿದುದು ತರುವಾಯ. ಆ ದಿನ ನಮಗೆ ತಿಳಿದದ್ದು, ಬೆಲೆಯುಳ್ಳ ಮಾಲೂ ನಾಲ್ಕು ದಿನಕ್ಕೆ ಹೋಯಿತು, ಆದುದರಿಂದ ಮೇಸ್ತ್ರಣ್ಣ ಕದ್ದಿರಲಿಲ್ಲ ಎಂಬುದು. ಅಣ್ಣನವರೂ ಅದನ್ನು ತಿಳಿದರು. ಆದರೆ ತಿಳಿದವರು ಹೇಳಲಿಲ್ಲ.

ಗಿರಣಿಯು ನಿಂತ ಆ ಸಂಜೆ ನಾವು ಹಿತ್ತಲಿಗೆ ಹೋಗಿ ಕುಳಿತೆವು. ತಾಯಿಯವರು ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆಯುತ್ತ, ಒಂದೊಂದನ್ನೂ ಎರಡೆರಡು ಸಲ ಕೊಡವುತ್ತಿದ್ದರು. "ಈ ವರ್ಷ ಏನು ಗ್ರಹಚಾರವೋ! ಒಗೆದ ಬಟ್ಟೆ ಉಟ್ಟರೆ ಮೈಯೆಲ್ಲ ನವೆ. ಹೋದ ವರ್ಷ ಹಿಂಗಿರಲಿಲ್ಲ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು.

ನಾವು ಎದ್ದು ಒಂದು ಪಂಚೆಯನ್ನು ಕೈಗೆ ತೆಗೆದುಕೊಂಡೆವು. ಅದರ ಮಡಿಕೆಯಲ್ಲಿ ಭತ್ತದ ಹೊಟ್ಟಿನ ನವುರಾದ ಧೂಳು ಕುಳಿತಿತ್ತು. ಹಿತ್ತಲಿಗೂ ಮೋಟಾರಿನ ಮನೆಗೂ ನಡುವೆ ಇದ್ದುದು ಒಂದೇ ಗೋಡೆ, ಗೋಡೆಯಲ್ಲಿ ಒಂದು ದೊಡ್ಡ ಕಿಟಕಿ. ಮೋಟಾರಿಗೆ ಗಾಳಿ ಬರಲೆಂದು ತಂದೆಯವರು ಇಡಿಸಿದ್ದು. ಹೊಟ್ಟು ಹಾರಿ ಬೀಳುವ ಕೊಳವೆಯು ಅವರ ಕಾಲದಿಂದಲೂ ಗಿರಣಿಯ ಪಡುವಣ ಪಕ್ಕದಲ್ಲಿತ್ತು. ಸುಗ್ಗಿಯ ತಿಂಗಳುಗಳಲ್ಲಿ ನಮ್ಮಲ್ಲಿ ಗಾಳಿಯು ಮೂಡಲಿಂದ ಬೀಸುತ್ತದೆ. ಹೊಟ್ಟಿನ ಧೂಳೆಲ್ಲ ಅತ್ತ ಬಯಲಿಗೆ ಹೋಗುತ್ತಿತ್ತು. ಆ ವರ್ಷ ಕಾರ್ತಿಕದಲ್ಲಿ, ಲಾರಿಗೆ ತುಂಬಲು ಅನುಕೂಲವೆಂದು, ಕೊಳವೆಯನ್ನು ಮೂಡಲ ಪಕ್ಕಕ್ಕೆ ತಿರುಗಿಸಿದ್ದರು. ತಿರುಗಿಸಿದ್ದರು ಎಂದೇಕೆ ಬರೆಯಬೇಕು? ತಿರುಗಿಸಿದವರು ನಾವು. ಅದು ನಮ್ಮದೇ ಬುದ್ಧಿವಂತಿಕೆ. ಅಣ್ಣನವರು ಬೆನ್ನು ತಟ್ಟಿದ್ದರು ಕೂಡ. ಮೇಸ್ತ್ರಣ್ಣ ಆಗ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಹಿಂದಿರುಗಿದ ದಿನ ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿ, "ಇಲ್ಲಿಗ್ಯಾಕೆ ತಂದೆ, ಮಗ?" ಎಂದು ಕೇಳಿದ್ದರು. "ಲಾರಿಗೆ, ಮೇಸ್ತ್ರಣ್ಣ" ಎಂದು ನಾವು ಹೇಳಿ ಬೇರೆ ಕೆಲಸಕ್ಕೆ ಹೋಗಿದ್ದೆವು. ಅವರು ಮತ್ತೆ ಆ ಮಾತನ್ನು ಎತ್ತಿರಲಿಲ್ಲ.

ದೀಪವನ್ನು ಹಿಡಿದು ಮೋಟಾರಿನ ಮನೆಗೆ ಹೋದೆವು. ಮೈನು ಬಿದ್ದಿದೆಯೆಂದು ಎರಡು ಸಲ ನೋಡಿಕೊಂಡು, ಬಳೆಗಳ ಕೆಳಗೆ ಬಿದ್ದಿದ್ದ ಕರಿಯ ಪುಡಿಯನ್ನು ಚಿಟಿಕೆಯಷ್ಟು ತೆಗೆದು ಬೆರಳುಗಳ ನಡುವೆ ಉಜ್ಜಿದೆವು. ಬರಿಯ ಕಾರ್ಬನ್ನಿನ ಪುಡಿಯು ಕಾಡಿಗೆಯಂತೆ ಜಾರುತ್ತದೆ. ಇದು ರಂಗೋಲಿಯ ಪುಡಿಯಂತೆ ಕರಕರ ಎಂದಿತು. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಹೊಟ್ಟನ್ನು ಸುಟ್ಟರೆ ಉಳಿಯುವ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕ, ಎಂದರೆ ಮರಳು ಯಾವುದರಿಂದ ಆಗಿದೆಯೋ ಅದೇ ವಸ್ತು. ಪಾತ್ರೆ ಬೆಳಗಲು ಹಳ್ಳಿಯಲ್ಲಿ ಆ ಬೂದಿಯನ್ನು ಬಳಸುವುದು ಸುಮ್ಮನೆ ಅಲ್ಲ. ಅಂತಹ ಧೂಳನ್ನು ನಾವು ಒಂದೂವರೆ ತಿಂಗಳಿನಿಂದ ಕಿಟಕಿಯ ಮೂಲಕ ಬಳೆಗೂ ಕಾರ್ಬನ್ನಿಗೂ ನಡುವೆ ಉಣಿಸುತ್ತಿದ್ದೆವು. ಕಾರ್ಬನ್ನಿನ ಮುಖದ ಮೇಲೆ ಸೂಜಿಯಿಂದ ಎಳೆದಂತೆ ಗೆರೆಗಳಿದ್ದವು. ಬಳೆಯ ಮೈಯಲ್ಲಿಯೂ ಗೆರೆಗಳಿದ್ದವು. ಅವನ್ನು ಎಲ್ಲರೂ ನೋಡಿದ್ದೆವು, ಓದಿರಲಿಲ್ಲ.

ಆ ರಾತ್ರಿ ಅಣ್ಣನವರನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ತಾವೇ ಅಂಗಿ ತೊಟ್ಟು ಬಂದು, "ನಡಿ, ಹೋಗೋಣ" ಎಂದರು. ಮೇಸ್ತ್ರಣ್ಣನ ಮನೆ ಎರಡು ಮೈಲಿಯಾಚೆ. ಅವರು ಜಗಲಿಯ ಮೇಲೆ ಕುಳಿತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದರು. ಅಣ್ಣನವರು ನಿಂತುಕೊಂಡೇ, "ನನ್ನಿಂದ ತಪ್ಪಾಯಿತು, ಮೇಸ್ತ್ರಣ್ಣ" ಎಂದರು. ನಾವು ಕೊಳವೆಯ ಸಂಗತಿಯನ್ನು ಹೇಳಿದೆವು. ಅವರು, "ಆರೂ ಒಂದೇ ಸಮ ಸವೆದಿದ್ದವಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗಿ ಡಬ್ಬಿಯನ್ನು ತೆಗೆದುಕೊಂಡು ಬಂದರು.

ಆ ಒಂದು ಮಾತಿನಲ್ಲಿ ಇಡಿಯ ವಿದ್ಯೆಯೇ ಇತ್ತೆಂದು ಈಗ ನಮಗೆ ತೋರುತ್ತದೆ. ಒಂದೇ ಬಳೆಯ ಮೇಲಿನ ಎರಡು ಕಾರ್ಬನ್ನುಗಳಲ್ಲಿ ಒಂದು ಸವೆದು ಒಂದು ಉಳಿದರೆ, ಭಾರವನ್ನು ಎರಡೂ ಸಮನಾಗಿ ಹೊರುತ್ತಿಲ್ಲ; ಅಲ್ಲಿ ಸ್ಪ್ರಿಂಗನ್ನೂ, ಬಾಲದ ತಂತಿಯನ್ನೂ, ಬೇರೆ ಬೇರೆ ಜಾತಿಯ ಕಾರ್ಬನ್ನುಗಳು ಬೆರೆತಿವೆಯೇ ಎಂಬುದನ್ನೂ ನೋಡಬೇಕು. ಒಂದು ಬಳೆಯವು ಮಾತ್ರ ಸವೆದರೆ ಆ ಬಳೆಯೇ ಸೊಟ್ಟಗಿದೆ ಅಥವಾ ಒರಟಾಗಿದೆ. ಆರೂ ಒಂದೇ ಸಮ ಸವೆದರೆ ತಪ್ಪು ಹೊರಗಿನದು: ಗಾಳಿ, ಧೂಳು, ಎಣ್ಣೆಯ ಆವಿ, ಇಲ್ಲವೇ ಆ ಮೋಟಾರಿಗೆ ಒಪ್ಪದ ಜಾತಿಯ ಕಾರ್ಬನ್ನು. ದೊಡ್ಡ ವಿದ್ಯುತ್ತಿನ ಕಾರ್ಖಾನೆಗಳಲ್ಲಿ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು ಎರಡು ಬಳೆಗಳ ಮೂಲಕ ಒಳಕ್ಕೆ ಕೊಡುವಾಗ ಒಂದು ಬಳೆ ಮತ್ತೊಂದಕ್ಕಿಂತ ಬೇಗ ಸವೆಯುವುದುಂಟು. ಅಲ್ಲಿ ಆಗಾಗ ಧನ ಋಣಗಳನ್ನು ಅದಲುಬದಲು ಮಾಡುತ್ತಾರೆ. ಅದು ನಮ್ಮ ಗಿರಣಿಗೆ ಸಂಬಂಧವಿಲ್ಲದ ಮಾತು.

ಕೊಳವೆಯನ್ನು ಅದೇ ದಿನ ಪಡುವಲಿಗೆ ತಿರುಗಿಸಿದೆವು. ಕಿಟಕಿಗೆ ಒದ್ದೆ ಮಾಡಿ ಒಗೆಯಬಹುದಾದ ದಪ್ಪ ಬಟ್ಟೆಯ ಚೌಕಟ್ಟನ್ನು ಕೂರಿಸಿದೆವು. ಬಳೆಗಳನ್ನು ಮಂಡ್ಯಕ್ಕೆ ಒಯ್ದು ಲೇತಿನಲ್ಲಿ ಕೊಂಚ ಕೆತ್ತಿಸಿ ಗುಂಡಗೆ ಮಾಡಿಸಬೇಕಾಯಿತು. ಹೊಸ ಕಾರ್ಬನ್ನಿನ ಮುಖವನ್ನು ಬಳೆಯ ಬಾಗಿಗೆ ಹೊಂದಿಸುವ ಕೆಲಸವನ್ನು ಮೇಸ್ತ್ರಣ್ಣ ಬೇರೆ ಯಾರಿಗೂ ಬಿಡಲಿಲ್ಲ. ಗಾಜಿನ ಪುಡಿಯ ಕಾಗದದ ಪಟ್ಟಿಯನ್ನು ಬಳೆಗೆ ಸುತ್ತಿ, ಒರಟು ಮುಖವನ್ನು ಕಾರ್ಬನ್ನಿನ ಕಡೆಗಿಟ್ಟು, ಮೋಟಾರು ತಿರುಗುವ ದಿಕ್ಕಿಗೇ ಎಳೆದು ಎಳೆದು ಕೂರಿಸಿದರು. ತಿದಿಯಿಂದ ಊದಿ ಮೂಲೆಮೂಲೆಯ ಪುಡಿಯನ್ನು ತೆಗೆದರು. ಬಳೆಗಳ ನಡುವೆ ಆ ಪುಡಿಯು ಸೇತುವೆ ಕಟ್ಟಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಬೆಂಕಿಯೇಳಬಹುದು. ತರಕಾರಿಯವರ ಸ್ಪ್ರಿಂಗ್ ತಕ್ಕಡಿಯನ್ನು ಎರವು ತಂದು ಆರು ಸ್ಪ್ರಿಂಗುಗಳನ್ನೂ ಎಳೆದು ಅಳೆದರು. ಎರಡು ದಿನ ಹಗುರವಾದ ಭಾರದಲ್ಲಿ ಓಡಿಸಿದರು. ಮೂರನೆಯ ವಾರದಲ್ಲಿ ಬಳೆಗಳಿಗೆ ಕಾಫಿಬೀಜದ ಬಣ್ಣವು ಮತ್ತೆ ಬಂದಿತು. ಬ್ಯಾಂಕಿನ ಕಂತು ಒಂದು ತಿಂಗಳು ತಡವಾಯಿತು, ದಂಡ ಕಟ್ಟಿದೆವು. ಆ ಆರು ಕಾರ್ಬನ್ನುಗಳು 1990ರವರೆಗೆ ಬಂದವು.

ಇದನ್ನು ಸೊಸೆಗೆ ಹೇಳುವಷ್ಟರಲ್ಲಿ ರಿಪೇರಿಯ ಹುಡುಗನು ಮಿಕ್ಸಿಗೆ ಎರಡೂ ಕಾರ್ಬನ್ನುಗಳನ್ನು ಹೊಸದಾಗಿ ಹಾಕಿ ಮುಗಿಸಿದ್ದನು. ಒಂದೇ ಸವೆದಿದ್ದರೂ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಅಡಿಯ ಕಿಂಡಿಯಿಂದ ಸಣ್ಣ ಕಿಡಿ ಕಂಡರೆ ಅಂಜಬೇಕಾಗಿಲ್ಲ. ಕಿಡಿಯು ದಿನದಿಂದ ದಿನಕ್ಕೆ ದೊಡ್ಡದಾಗಿ, ವಾಸನೆಯೂ ಬಂದು, ಮಿಕ್ಸಿಯು ತಡೆದು ತಡೆದು ತಿರುಗತೊಡಗಿದರೆ ಕಾರ್ಬನ್ನನ್ನು ನೋಡಿಸಬೇಕು. ತಡಮಾಡಿದರೆ ಮೂವತ್ತು ನಲವತ್ತು ರೂಪಾಯಿಯ ತುಂಡಿನ ಜೊತೆಗೆ ಒಳಗಿನ ತಾಮ್ರದ ಪಟ್ಟಿಗಳೂ ಸುಟ್ಟುಹೋಗುತ್ತವೆ.

ಸ್ಲಿಪ್ ರಿಂಗಿನ ಮೋಟಾರನ್ನು ನಾವು 2006ರಲ್ಲಿ ತೆಗೆಸಿ, ಬಳೆಯೂ ಕಾರ್ಬನ್ನೂ ಇಲ್ಲದ ಹೊಸ ಮೋಟಾರನ್ನು ಹಾಕಿಸಿದೆವು. ಮೇಸ್ತ್ರಣ್ಣ ಅದಕ್ಕೆ ಮೊದಲೇ ಕೆಲಸದಿಂದ ಬಿಡುಗಡೆ ಪಡೆದಿದ್ದರು. 1987ರ ಆ ಬೆಳಗಿನಿಂದ ಅಲ್ಲಿಯವರೆಗೂ ಅವರು ಒಂದು ದಿನವೂ ಕೆಲಸದಲ್ಲಿ ತಪ್ಪಲಿಲ್ಲ, ನಡೆದುದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಹಬ್ಬಕ್ಕೆ ಮನೆಗೆ ಬರುತ್ತಿದ್ದರು, ತಾಯಿಯವರ ಕೈಯಿಂದ ಊಟ ಮಾಡುತ್ತಿದ್ದರು, ನಮ್ಮ ಮಕ್ಕಳನ್ನೂ ಹೆಗಲ ಮೇಲೆ ಹೊತ್ತರು. ಆದರೆ ಅಣ್ಣನವರನ್ನಾಗಲಿ ನಮ್ಮನ್ನಾಗಲಿ ಮತ್ತೆಂದೂ 'ಮಗ' ಎಂದು ಕರೆಯಲಿಲ್ಲ. "ಸ್ವಾಮಿ, ಕೊಳವೆ ಒಂದು ಸಲ ನೋಡಿಸಿ" ಎನ್ನುತ್ತಿದ್ದರು.